ಹೊಸಬನ ನಿಲುವು

ಉತ್ತರ ಚೀನಾದ ಒಂದು ನದಿಯ ದಡದಲ್ಲಿ ಶೆನ್ ಗುರುಗಳ ಆಶ್ರಮವಿತ್ತು. ಅವರು ಅಲ್ಲಿ ಕುಂಗ್ ಫೂ ಕಲಿಸುತ್ತಿದ್ದರು. ಶಿಷ್ಯರಲ್ಲೆಲ್ಲ ಹಿರಿಯಳು ಶುಯಿಂಗ್.

ಆ ಆಶ್ರಮದ ನಿಲುವು ಅಗಲ. ಕುದುರೆಯ ಮೇಲೆ ಕೂತವರ ಹಾಗೆ ಕಾಲು ಅಗಲಿಸಿ, ತೊಡೆ ನೆಲಕ್ಕೆ ಸಮವಾಗುವಷ್ಟು ಕುಗ್ಗಿ ನಿಲ್ಲಬೇಕು. ಮೊದಲ ವರ್ಷವೆಲ್ಲ ಅದೇ ಕಲಿಕೆ.

ಚಳಿಗಾಲ ಮುಗಿಯುವ ಹೊತ್ತಿಗೆ ದಕ್ಷಿಣದಿಂದ ಕ್ವಾನ್ ಎಂಬುವನು ಬಂದ. ತನಗೇನೂ ಗೊತ್ತಿಲ್ಲ, ಮೊದಲಿಂದ ಕಲಿಸಿ ಎಂದ. ಗುರುಗಳು ಇರು ಎಂದರು.

ಶುಯಿಂಗ್‌ಗೆ ಅವನ ಮೇಲೆ ನಂಬಿಕೆ ಹುಟ್ಟಲಿಲ್ಲ. ಹಿಂದೊಮ್ಮೆ ಹೀಗೇ ಬಂದವನೊಬ್ಬ ಇಲ್ಲಿನ ಪಟ್ಟುಗಳನ್ನೆಲ್ಲ ಕಲಿತು ಎದುರಾಳಿಗಳಿಗೆ ಹೇಳಿಕೊಟ್ಟಿದ್ದ. ಆಮೇಲೆ ನಡೆದ ಪಂದ್ಯದಲ್ಲಿ ಅವಳ ಅಣ್ಣನ ಮಂಡಿ ಮುರಿಯಿತು. ಅಣ್ಣ ಮತ್ತೆ ಅಂಗಳಕ್ಕೆ ಇಳಿಯಲಿಲ್ಲ.

ಅವಳು ಕ್ವಾನನ ಮೇಲೆ ಕಣ್ಣಿಟ್ಟಳು.

ಅಂಗಳದಲ್ಲಿ ಅವನು ಎಲ್ಲರಂತೆ ಅಗಲವಾಗಿಯೇ ನಿಲ್ಲುತ್ತಿದ್ದ. ಪಾತ್ರೆ ತೊಳೆಯುವಾಗ, ಸೌದೆ ಒಟ್ಟುವಾಗ, ಯಾರೂ ನೋಡುತ್ತಿಲ್ಲ ಅನ್ನಿಸಿದಾಗ ಅವನ ಕಾಲುಗಳು ಹತ್ತಿರ ಬರುತ್ತಿದ್ದವು. ಹೆಬ್ಬೆರಳು ಒಳಕ್ಕೆ, ಮಂಡಿ ಒಳಕ್ಕೆ, ಬೆನ್ನು ನೆಟ್ಟಗೆ. ತೊಡೆಗಳ ನಡುವೆ ಮೇಕೆಮರಿಯನ್ನು ಅವುಚಿ ಹಿಡಿದವರ ಹಾಗೆ.

ಅದು ಏನೂ ಕಲಿಯದವನ ಕಾಲಲ್ಲ. ಬೇರೆಲ್ಲೋ ವರ್ಷಗಟ್ಟಲೆ ಪಳಗಿದ ಕಾಲು.

ವಸಂತ ಕಳೆಯಿತು. ಒಂದು ಬೆಳಿಗ್ಗೆ ಅವಳು ಕ್ವಾನನ ಬಟ್ಟೆಗಂಟು ಕಟ್ಟಿ, ಅವನನ್ನು ದೋಣಿ ನಿಲ್ಲುವ ಕಡೆಗೆ ಕರೆತಂದಳು. ಗುರುಗಳಿಗೂ ಹೇಳಿ ಕಳಿಸಿದಳು.

“ಏನಮ್ಮ ಇದು?” ಎಂದರು ಗುರುಗಳು.

“ಇವನು ಸುಳ್ಳು ಹೇಳಿ ಸೇರಿಕೊಂಡವನು. ದಕ್ಷಿಣದವರ ವಿದ್ಯೆ ಇವನಿಗೆ ಚೆನ್ನಾಗಿ ಬರುತ್ತೆ. ನಮ್ಮದನ್ನು ಕದಿಯೋಕೆ ಬಂದಿದ್ದಾನೆ.”

ಗುರುಗಳು ಕ್ವಾನನ ಕಡೆ ತಿರುಗಿದರು. “ಹೌದೇನಪ್ಪ?”

“ಬರುತ್ತೆ ಗುರುಗಳೇ. ಅಪ್ಪ ಕಲಿಸಿದ್ದು. ನಮ್ಮದು ದೋಣಿ ಮೇಲಿನ ಬಾಳು, ಕಾಲು ಅಗಲಿಸೋಕೆ ಜಾಗ ಇರಲಿಲ್ಲ. ಹೊರಗಿನ ವಿದ್ಯೆ ಇದ್ದವರನ್ನು ಇಲ್ಲಿ ಸೇರಿಸಲ್ಲ ಅಂತ ಬಂದ ದಿನವೇ ಈ ಅಕ್ಕ ಅಂದರು. ಅದಕ್ಕೆ ಬಾಯಿ ಮುಚ್ಚಿಕೊಂಡೆ.”

ಕಥೆ ಚೆನ್ನಾಗಿ ಕಟ್ಟುತ್ತಾನೆ ಅಂದುಕೊಂಡಳು ಶುಯಿಂಗ್. ಗುರುಗಳು ತಲೆಯಾಡಿಸಿದ್ದು ಕಂಡು, ಇವರೂ ಮರುಳಾದರೇನೋ ಎಂಬ ಅನುಮಾನ ಬಂತು.

“ಇವನು ಹೇಗೆ ನಿಲ್ಲುತ್ತಾನೆ, ತೋರಿಸು,” ಎಂದರು ಗುರುಗಳು.

“ಅವನನ್ನೇ ಕೇಳಿ.”

“ನೋಡಿದವಳು ನೀನಲ್ಲವೇ?”

ಅವಳು ಮಂಡಿ ಒಳಕ್ಕೆ ಎಳೆದು ನಿಂತಳು. ಗುರುಗಳು ಎದುರಿಂದ ಎರಡೂ ಕೈ ಹಚ್ಚಿ ತಳ್ಳಿದರು. ಇನ್ನೂ ಜೋರಾಗಿ ತಳ್ಳಿದರು. ಅವಳು ಕದಲಲಿಲ್ಲ.

“ಈಗ ನಮ್ಮ ಹಾಗೆ ನಿಲ್ಲು.”

ಅಗಲವಾಗಿ ನಿಂತಳು. ಎದುರಿಂದ ಅಷ್ಟೇ ಬಲದಲ್ಲಿ ತಳ್ಳಿದಾಗ ಹಿಂದಕ್ಕೆ ಜೋಲಿ ಹೊಡೆದಳು. ಮತ್ತೆ ನಿಂತಾಗ ಪಕ್ಕದಿಂದ ತಳ್ಳಿದರು, ಬಂಡೆಯಂತೆ ನಿಂತಳು. ಕ್ವಾನನ ಹಾಗೆ ನಿಲ್ಲಿಸಿ ಪಕ್ಕದಿಂದ ತಳ್ಳಿದರು, ವಾಲಿಬಿಟ್ಟಳು. ಬೀಳದಂತೆ ಹಿಡಿಯಲು ಬಂದ ಕ್ವಾನನ ಕೈಯನ್ನು ಕೊಡವಿಹಾಕಿದಳು.

“ಹಾಗಾದರೆ ಯಾವುದು ಸರಿ ಗುರುಗಳೇ?” ಎಂದಳು.

“ತಳ್ಳುವವನು ಯಾವ ಕಡೆಯಿಂದ ಬರುತ್ತಾನೆ, ಹೇಳು. ಆಮೇಲೆ ನಾನು ಹೇಳುತ್ತೇನೆ.”

ಅವಳು ಪಾದಗಳನ್ನು ಕೂಡಿಸಿ ನೆಟ್ಟಗೆ ನಿಂತಳು.

“ಅವನ ನಿಲುವು ನಿನಗೆ ಕಲಿಸಿದವರು ಯಾರು?” ಎಂದರು ಗುರುಗಳು.

ಶುಯಿಂಗ್ ಕ್ವಾನನ ಮುಖ ನೋಡಿದಳು. ಅವನು ಮೆಲ್ಲಗೆ, “ನಾನಂತೂ ಕಲಿಸಿಲ್ಲ,” ಎಂದ.

“ನಮ್ಮ ವಿದ್ಯೆಯನ್ನು ಇವನಿಗೆ ನಾನೇ ಕೊಡುತ್ತಿದ್ದೇನೆ,” ಎಂದರು ಗುರುಗಳು. “ಇವನದನ್ನು ನೀನು ಕೇಳದೆ ತೆಗೆದುಕೊಂಡೆ.”

ಶುಯಿಂಗ್ ನೆಲದ ಮೇಲಿದ್ದ ಗಂಟನ್ನು ಎತ್ತಿ, ತಲೆ ತಗ್ಗಿಸಿಕೊಂಡೇ ಕ್ವಾನನ ಕೈಗೆ ಕೊಟ್ಟಳು. ಗುರುಗಳು ಆಶ್ರಮದ ಕಡೆ ಕೈ ತೋರಿದರು. ಅವನು ಗಂಟು ಹೊತ್ತು ಆ ಕಡೆ ನಡೆದ.

ಅವನು ಕಣ್ಮರೆಯಾದ ಮೇಲೆ ಅವಳು ಹೇಳಿದಳು, “ಕಲಿಯಬೇಕು ಅಂತ ನೋಡಲಿಲ್ಲ ಗುರುಗಳೇ. ಏನೂ ಕದಿಯದಿರಲಿ ಅಂತ ಅವನ ಕಾಲನ್ನು ಕಾಯುತ್ತಿದ್ದೆ, ಅಷ್ಟೇ.”

“ಆಗ ನಿನ್ನ ಕಾಲನ್ನು ಯಾರು ಕಾಯುತ್ತಿದ್ದರು?” ಎಂದರು ಗುರುಗಳು.