ಇಪ್ಪತ್ನಾಲ್ಕು ಗಂಟು

ಬೋರ್‌ವೆಲ್‌ಗೆ ಮೋಟಾರು ಇಳಿಸುವ ಕೆಲಸ ಕಲಿಯಲೆಂದು ದ್ಯಾಮವ್ವ ಮೋದಿನಸಾಬರ ಹತ್ತಿರ ಬಂದು ಎರಡು ವರ್ಷವಾಗಿತ್ತು. ಊರವರು ಅವರನ್ನು ಉಸ್ತಾದರು ಎನ್ನುತ್ತಿದ್ದರು. ಅವಳೂ ಹಾಗೆಯೇ ಕರೆಯುತ್ತಿದ್ದಳು.

ಹೋದ ಬಾವಿಯ ಹತ್ತಿರವೆಲ್ಲ ಯಾರಾದರೂ ಒಬ್ಬರು ಅವಳನ್ನು ಕೇಳುವರು: “ಏನವ್ವಾ, ನಿನಗ ಸರ್ಟಿಫಿಕೇಟ್ ಐತೇನು?”

ಸರ್ಟಿಫಿಕೇಟು ಬೇಕಾದರೆ ಪರೀಕ್ಷೆಗೆ ಕೂರಬೇಕು. ಅದಕ್ಕೆ ಮೊದಲು ಇಪ್ಪತ್ತು ಬಾವಿಗಳ ಕೆಲಸ ಮಾಡಿ, ಪ್ರತಿಯೊಂದಕ್ಕೂ ಕಲಿಸಿದವರ ಸಹಿ ಪಡೆಯಬೇಕು. ಹತ್ತೊಂಬತ್ತು ಸಹಿ ಆಗಿದ್ದವು. ಇಪ್ಪತ್ತನೆಯದು ನದಿ ದಂಡೆಯ ಆಶ್ರಮದ ಬಾವಿ. ಅದನ್ನು ಅವಳೇ ಮುಂದೆ ನಿಂತು ಮಾಡಬೇಕಿತ್ತು.

ಅರ್ಜಿ ಕೊಡಲು ಅಂದೇ ಕೊನೆಯ ದಿನ. ಸಂಜೆ ಐದಕ್ಕೆ ತಾಲ್ಲೂಕಿನ ಕಚೇರಿ ಮುಚ್ಚುತ್ತದೆ. ತಪ್ಪಿದರೆ ಮತ್ತೆ ಒಂದು ವರ್ಷ.

ಮುಂಜಾನೆಯೇ ಬಾವಿಯ ಮೇಲೆ ಮೂರು ಕಾಲಿನ ಕಬ್ಬಿಣದ ಕಂಬ ನಿಲ್ಲಿಸಿ, ಚೈನು ಕಟ್ಟಿ, ಕೆಟ್ಟುಹೋದ ಹಳೆಯ ಮೋಟಾರನ್ನು ಎತ್ತಲು ತೊಡಗಿದರು. ಚೈನು ಎಳೆಯಲು ಆಶ್ರಮದ ಇಬ್ಬರು ಬಂದರು.

ಪೈಪು ಮೇಲೆ ಬರತೊಡಗಿತು. ಪೈಪಿನ ಜೊತೆಗೆ ಕರೆಂಟಿನ ಕೇಬಲ್. ಹತ್ತಡಿಗೊಮ್ಮೆ ಕೇಬಲನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಪೈಪಿಗೆ ಬಿಗಿದು ಗಂಟು ಹಾಕಿತ್ತು. ದ್ಯಾಮವ್ವ ಗಂಟಿನ ಪಕ್ಕಕ್ಕೆ ಚಾಕು ಹಾಕಿ ಕೊಯ್ದು, ಪಟ್ಟಿಯನ್ನು ಎಸೆದಳು.

ಉಸ್ತಾದರು ಬಗ್ಗಿ ಅದನ್ನು ಎತ್ತಿಕೊಂಡು ಕಿಸೆಗೆ ಹಾಕಿಕೊಂಡರು. ಮುಂದಿನದನ್ನೂ ಹಾಗೆಯೇ. ಅದರ ಮುಂದಿನದನ್ನೂ.

“ಏನ್ರಿ ಉಸ್ತಾದರ, ಪೋಣಿಸಿ ಮಾಲಿ ಮಾಡ್ತೀರೇನು?”

“ಎಣಸ್ತೀನಿ.”

“ಹರಕು ರಬ್ಬರ್ ಎಣಿಸಿ ಏನ್ ಬರತೈತ್ರಿ?”

“ನೀ ಪೈಪು ನೋಡು, ತಂಗಿ. ಜಾರೀತು.”

ಗಂಟುಗಳೆಲ್ಲ ಒಂದೇ ರೀತಿ ಇದ್ದವು. ಎಲ್ಲವೂ ಎಡಕ್ಕೆ ತಿರುಗಿದ್ದವು.

“ಕಟ್ಟಿದಾವ ಎಡಚ ಇದ್ದಂಗದಾನ,” ಎಂದಳು ದ್ಯಾಮವ್ವ.

“ಹೌದು,” ಎಂದರು ಉಸ್ತಾದರು.

ಹನ್ನೆರಡು ಪೈಪು ಬಂದ ಮೇಲೆ ಮೋಟಾರು ಬಂತು. ಒಳಗಿನ ಬೇರಿಂಗ್ ಸವೆದುಹೋಗಿತ್ತು. ಉಸ್ತಾದರು ಅದನ್ನು ಹೆಚ್ಚು ಹೊತ್ತು ನೋಡಲಿಲ್ಲ. ಕೇಬಲನ್ನು ಕೈಗೆ ತೆಗೆದುಕೊಂಡು, ಈ ತುದಿಯಿಂದ ಆ ತುದಿಯವರೆಗೆ, ಇನ್ನೂರ ನಲವತ್ತು ಅಡಿಯನ್ನೂ ಅಂಗೈಯಲ್ಲಿ ನಿಧಾನವಾಗಿ ಸರಿಸುತ್ತಾ ಹೋದರು.

“ಒಂದು ಕಡೆನೂ ಸಿಪ್ಪಿ ಎದ್ದಿಲ್ಲ. ಇದನ್ನ ಇಳಿಸು.”

“ಹೊಸಾದು ತಂದೀವಲ್ರಿ?”

“ಹೊಸಾದು ಇರ್ಲಿ.”

ಆಮೇಲೆ ಚೀಲದಿಂದ ಟ್ಯೂಬಿನ ಹೊಸ ಪಟ್ಟಿಗಳನ್ನು ತೆಗೆದು ಅವಳ ಕೈಗಿಟ್ಟರು. ಬೆಳಿಗ್ಗೆ ಮನೆಯಲ್ಲಿ ಕೂತು ಅವರೇ ಕತ್ತರಿಸಿದ್ದು. ಇಪ್ಪತ್ನಾಲ್ಕು.

“ಹತ್ತಡಿಗೊಂದು. ಯಾಕಂತ ಗೊತ್ತಲ್ಲ?”

“ಗೊತ್ತೈತ್ರಿ. ಮೋಟಾರು ಚಾಲೂ ಆದಾಗೊಮ್ಮೆ ಪೈಪು ಜಗ್ಗತೈತಿ. ಕೇಬಲ್ ಸಡಿಲ ಇದ್ರ ಕಲ್ಲಿಗೆ ತಿಕ್ಕತೈತಿ. ತಿಕ್ಕಿ ತಿಕ್ಕಿ ಸಿಪ್ಪಿ ಹೋಗತೈತಿ.”

“ಎಷ್ಟು ದಿನಕ್ಕ?”

“ಮೂರು ವರ್ಷಕ್ಕರ ಹೋಗಬಹುದು, ನಾಕಕ್ಕರ ಹೋಗಬಹುದು.”

“ಅಲ್ಲೀಮಟ?”

“ಅಲ್ಲೀಮಟ ಯಾರಿಗೂ ತಿಳಿಯಂಗಿಲ್ರಿ.”

ಉಸ್ತಾದರು ತಲೆಯಾಡಿಸಿದರು. ಹೊತ್ತು ನೋಡಿ, ನಮಾಜಿಗೆಂದು ನದಿಯ ಕಡೆ ಇಳಿದುಹೋದರು.

ಹೊಸ ಮೋಟಾರು ಬಾವಿಗೆ ಇಳಿಯಿತು. ಮೊದಲ ಪೈಪಿಗೆ ಎರಡು ಗಂಟು. ಎರಡನೆಯದಕ್ಕೆ ಎರಡು. ಪ್ರತಿ ಗಂಟಿಗೂ ಚೈನು ನಿಲ್ಲಿಸಬೇಕು, ಪಟ್ಟಿಯನ್ನು ಎಳೆದು ಮೂರು ಸುತ್ತು ಹಾಕಬೇಕು, ಬಿಗಿಯಬೇಕು.

“ಹಿಂಗಾದ್ರ ನಿನ್ನ ಅರ್ಜಿ ನಾಳೆ ಮುಟ್ಟತೈತಿ ನೋಡವ್ವಾ,” ಎಂದ ಚೈನು ಹಿಡಿದವರಲ್ಲಿ ಒಬ್ಬ.

ದ್ಯಾಮವ್ವ ಸೂರ್ಯನನ್ನು ನೋಡಿದಳು. ನದಿಯ ಕಡೆ ನೋಡಿದಳು. ನಾಲ್ಕು ಪೈಪು ಕಟ್ಟಿದ್ದಳು. ಮುಂದಿನ ನಾಲ್ಕನ್ನು ಕಟ್ಟದೆ ಇಳಿಸಿದಳು. ಕೊನೆಯ ನಾಲ್ಕನ್ನು ಮತ್ತೆ ಸರಿಯಾಗಿ ಕಟ್ಟಿದಳು.

ಸ್ವಿಚ್ಚು ಹಾಕಿದಾಗ ಮೊದಲು ಕೆಂಪು ನೀರು ಬಂತು. ಆಮೇಲೆ ತಿಳಿಯಾಯಿತು. ಆಶ್ರಮದ ಅಜ್ಜಾರು ಹೊರಗೆ ಬಂದು ಬೊಗಸೆ ಒಡ್ಡಿದರು, ಕುಡಿದರು, ಉಳಿದದ್ದನ್ನು ತಲೆಗೆ ಸವರಿಕೊಂಡರು.

“ಚೊಲೋ ಆತವ್ವಾ. ನಿನ್ನ ಕೈ ತಂಪಿರ್ಲಿ.”

ಉಸ್ತಾದರು ಮೇಲೆ ಬಂದರು.

“ಆತು?”

“ಆತ್ರಿ.”

“ಎಲ್ಲಾ ಕಟ್ಟೀ?”

“ಕಟ್ಟೀನ್ರಿ.”

ಅವಳು ಅರ್ಜಿಯನ್ನು ಕಟ್ಟೆಯ ಮೇಲೆ ಹರಡಿ ಪೆನ್ನು ಕೊಟ್ಟಳು. ಉಸ್ತಾದರು ಪೆನ್ನನ್ನು ಪಕ್ಕಕ್ಕಿಟ್ಟು, ಕಿಸೆಯೊಳಗಿನ ಹಳೆಯ ಪಟ್ಟಿಗಳನ್ನು ತೆಗೆದು ಒಂದರ ಪಕ್ಕ ಒಂದು ಸಾಲಾಗಿ ಇಟ್ಟರು.

“ಈ ಬಾವಿಗಿ ಮೋಟಾರು ಇಳಿಸಿದಾವ ನಮ್ಮ ದಸ್ತಗೀರ.”

ದ್ಯಾಮವ್ವನಿಗೆ ಆ ಹೆಸರು ಗೊತ್ತಿತ್ತು. ಉಸ್ತಾದರ ಮಗ, ಅವರ ಮನೆಯ ಗೋಡೆಯ ಮೇಲಿನ ಫೋಟೋದ ಹುಡುಗ. ಅವನು ತೀರಿಹೋಗಿ ಮೂರು ವರ್ಷವಾಗಿತ್ತು. ಆ ಮನೆಯಲ್ಲಿ ಯಾರೂ ಅವನ ಮಾತು ತೆಗೆಯುತ್ತಿರಲಿಲ್ಲ.

“ಹನ್ನೊಂದು ವರ್ಷ ಆತು. ಅವತ್ತು ನನಗ ಜ್ವರ. ಅವನ ಒಬ್ಬನ ಬಂದಿದ್ದ. ಹತ್ತೊಂಬತ್ತು ವಯಸ್ಸು. ಹೊತ್ತು ಮುಳುಗೂದ್ರೊಳಗ ಮನಿಗಿ ಬಂದ. ಇಷ್ಟು ಲಗೂ ಹೆಂಗ ಬಂದಿ, ಎಲ್ಲಾ ಕಟ್ಟೀಯೇನಂತ ಕೇಳಿದೆ. ಕಟ್ಟೀನಿ ಅಬ್ಬಾ, ಅಂದ.”

ಉಸ್ತಾದರು ಒಂದು ಪಟ್ಟಿಯನ್ನು ನೇರ ಮಾಡಿದರು.

“ನಾ ನಂಬಲಿಲ್ಲ. ಸುಳ್ಳ ಹೇಳ್ತಿ, ಅಂದೆ. ಎತ್ತಿ ನೋಡು ಅಂದ. ಊಟಾ ಮಾಡಲಾರದ ಮಲಗಿದ. ಮರುದಿನ ನಾನೂ ಮರೆತೆ, ಅವನೂ ಮರೆತ. ಅವ ಹೋದ ಮ್ಯಾಲ ನನಗ ಮತ್ತ ನೆನಪಾತು.”

ನೀರು ಸುರಿಯುತ್ತಲೇ ಇತ್ತು.

“ಇಪ್ಪತ್ನಾಲ್ಕು ಅದಾವ, ನೋಡು,” ಎಂದರು. ಪೆನ್ನಿನ ಮುಚ್ಚಳ ತೆಗೆದರು.

“ತಡೀರಿ,” ಎಂದಳು ದ್ಯಾಮವ್ವ.

ಅವಳು ಸೊಂಟಕ್ಕೆ ಸಿಕ್ಕಿಸಿದ್ದ ಪಟ್ಟಿಗಳನ್ನು ತೆಗೆದಳು. ಹಳೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಮಾಡಿದಳು. ಎಂಟು ಹೊಸ ಪಟ್ಟಿ. ಒಂದಕ್ಕೂ ಗಂಟಿರಲಿಲ್ಲ.

ಉಸ್ತಾದರು ನೋಡಿದರು.

ದ್ಯಾಮವ್ವ ಎದ್ದುಹೋಗಿ ಸ್ವಿಚ್ಚು ತೆಗೆದಳು. ನೀರು ನಿಂತಿತು.

“ಯಾಕವ್ವಾ?” ಎಂದರು ಅಜ್ಜಾರು. “ನೀರು ಚೊಲೋ ಬರಾಕತ್ತಿತ್ತಲ್ಲ?”

“ಬರತೈತ್ರಿ ಅಜ್ಜಾರ. ಕತ್ತಲಾಗೂದ್ರೊಳಗ ಮತ್ತ ಬರತೈತಿ. ಎಂಟು ಪೈಪು ಎತ್ತಿ ಇಳಿಸೂದೈತಿ.”

“ಮತ್ತ ಎತ್ತೂದಾ?” ಎಂದ ಚೈನಿನವನು. “ನಮ್ಮ ರಟ್ಟಿ ಏನು ಕಬ್ಬಿಣದ್ದೇನಬೇ?”

“ತಪ್ಪು ನಂದಣ್ಣ. ಚೈನು ನಾ ಎಳೀತೀನಿ. ನೀ ಪೈಪು ಹಿಡಿ.”

“ನಿನ್ನ ಅರ್ಜಿ?”

“ಬರೂ ವರ್ಷ ಕೊಡ್ತೀನಿ.”

ಅವಳು ಚೈನು ಹಿಡಿದಳು. ಮೊದಲ ಪೈಪು ಮೇಲೆ ಬಂತು. ತಾನೇ ಕಟ್ಟಿದ ಗಂಟಿಗೆ ತಾನೇ ಕೈಹಾಕಿದಳು. ಅದನ್ನು ಕೊಯ್ಯಲಿಲ್ಲ, ಬಿಚ್ಚಿದಳು.

ತಿರುಗಿ ನೋಡಿದಾಗ ಉಸ್ತಾದರು ಅರ್ಜಿಯನ್ನು ಮಡಚಿ ಎದೆಯ ಕಿಸೆಯಲ್ಲಿ ಇಡುತ್ತಿದ್ದರು. ಇಪ್ಪತ್ತನೆಯ ಸಹಿ ಆಗಿತ್ತು. ಅವರ ಕಾಲು ಚಪ್ಪಲಿಯನ್ನು ಹುಡುಕುತ್ತಿತ್ತು.

“ಎಲ್ಲಿಗ್ರಿ?”

“ಮೂರರ ಬಸ್ಸು ಸಿಗತೈತಿ. ಐದರೊಳಗ ಕೊಟ್ಟು ಬರ್ತೀನಿ.”

“ಬಾವಿ ಇನ್ನೂ ಮುಗಿದಿಲ್ಲಲ್ರಿ.”

“ಮುಗಸ್ತೀಯಲ್ಲ.”

ಅವರು ಹಳೆಯ ಪಟ್ಟಿಗಳನ್ನು ಒಂದೂ ಬಿಡದಂತೆ ಕಿಸೆಗೆ ತುಂಬಿಕೊಂಡರು. ಹೊಸ ಎಂಟನ್ನು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿದರು.



“ನೀವು ನಿಂತು ಎಣಿಸಿ ಹೋಗ್ರಿ, ಉಸ್ತಾದರ.”

ಉಸ್ತಾದರು ಅವಳ ತಲೆಯ ಮೇಲೆ ಕೈಯಿಟ್ಟರು.

“ದಸ್ತಗೀರನ ಗಂಟು ಎಣಿಸಾಕ ನನಗ ಹನ್ನೊಂದು ವರ್ಷ ಬೇಕಾತವ್ವಾ. ಈ ಮೋಟಾರು ಮತ್ತ ಎತ್ತಿ ನಿನ್ನ ಗಂಟು ಎಣಿಸೂ ಹೊತ್ತಿಗೆ ನಾ ಇರೂದಿಲ್ಲ.”