ಗುಡದಪ್ಪ ತಂದ ನಲವತ್ತನೇ ಕೈ

ಕೂತವರಿಗೆ ಕತೆ, ನಿಂತವರಿಗೆ ಬರೀ ಸದ್ದು. ಹಾಗಾಗಿ ಮೊದಲು ಕೂತುಕೊಳ್ಳಿ.

ಒಂದು ಮೆಣಸಿನಕಾಯಿ ಪೇಟೆ. ಆ ಪೇಟೆಯಲ್ಲಿ ಒಬ್ಬಳು ಫಕೀರವ್ವ. ಆ ಫಕೀರವ್ವನಿಗೆ ಒಬ್ಬ ಮಗ, ಗುಡದಪ್ಪ. ವಯಸ್ಸು ಮೂವತ್ತು, ಬೆನ್ನು ಎತ್ತಿನದು, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಇತ್ತು. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದಷ್ಟೇ ಮಾಡುತ್ತಿದ್ದ. ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಗುಡದಪ್ಪ ಚೀಲ ಹೊರುವವನು, ಹಮಾಲರ ಸಂಘದ ಸದಸ್ಯ. ಫಕೀರವ್ವ ಅದೇ ಪೇಟೆಯಲ್ಲಿ ಮೂವತ್ತು ವರ್ಷದಿಂದ ಮೆಣಸಿನಕಾಯಿ ತುಂಬು, ಅಂದರೆ ತೊಟ್ಟು, ಬಿಡಿಸುವವಳು. ಅವಳು ಸದಸ್ಯೆ ಅಲ್ಲ. ಸಂಘದ ಬೈಲಾದ ಮೂರನೇ ಕಲಮಿನಲ್ಲಿ ‘ನೂರು ಕಿಲೋ ಚೀಲ ಬೆನ್ನ ಮೇಲೆ ಹೊತ್ತು ಹತ್ತು ಹೆಜ್ಜೆ ನಡೆದವನೇ ಸದಸ್ಯ’ ಎಂದು ಬರೆದಿತ್ತು. ಸದಸ್ಯರಿಗೆ ನೆರಳಿನ ಶೆಡ್ಡು, ಕುಡಿಯುವ ನೀರು, ಮಂಗಳವಾರಕ್ಕೊಮ್ಮೆ ಬರುವ ಡಾಕ್ಟರು. ಹೆಂಗಸರಿಗೆ ಬಿಸಿಲು, ಘಾಟು, ಉರಿಯುವ ಕೈ. ಆ ವರ್ಷ ಘಾಟಿಗೆ ಉಸಿರು ಸಿಕ್ಕಿಕೊಂಡ ಒಬ್ಬ ಹೆಂಗಸನ್ನು ನೀನು ಸದಸ್ಯೆ ಅಲ್ಲ ಎಂದು ಸಂಘದ ಬಾಗಿಲಿಂದಲೇ ವಾಪಸು ಕಳಿಸಿದರು. ಅವತ್ತು ಫಕೀರವ್ವ ಸೆರಗು ಸಿಕ್ಕಿಸಿ ಎದ್ದಳು. ಬೈಲಾ ಬದಲಾಗುವ ತನಕ ಬಿಡುವವಳಲ್ಲ ಎಂದಳು.

ಕಾರ್ಯದರ್ಶಿ ದಾವಲಸಾಬ ಅವಳ ಕಡೆ. ಅಧ್ಯಕ್ಷ ನಿಜಗುಣಪ್ಪ ಎದುರು ಕಡೆ. ಚೀಲ ಎತ್ತದವರು ಕೂಲಿಕಾರರೇ ಅಲ್ಲ ಎನ್ನುವುದು ಅವನ ವಾದ. ಬೈಲಾ ಬದಲಾಯಿಸುವ ದಾರಿ ಬೈಲಾದಲ್ಲೇ ಇತ್ತು. ಅರವತ್ತು ಸದಸ್ಯರಿಗೂ ನೋಟೀಸು ಕೊಡಬೇಕು, ಸಭೆಯ ಕೋಣೆಯೊಳಗೆ ಎತ್ತಿದ ಕೈ ಎಣಿಸಬೇಕು, ನಲವತ್ತಾದರೆ ಆಯಿತು. ತುಂಬು ಬಿಡಿಸುವವರೂ ಸದಸ್ಯರು ಎಂದು ದಾವಲಸಾಬ ಹೊಸ ಕಲಮು ಬರೆದ. ಫಕೀರವ್ವ ಕೇಳಿ, ಇನ್ನೊಂದು ಸಾಲು ಸೇರಿಸು ಎಂದಳು: ಒಮ್ಮೆ ಸದಸ್ಯರ ಪುಸ್ತಕದಲ್ಲಿ ಬರೆದ ಹೆಸರು ಹೊಡೆಯಬೇಕಾದರೂ ನಲವತ್ತು ಕೈ ಬೇಕು. ನಾಳೆ ಯಾರೋ ಬಂದು ಹೆಂಗಸರ ಹೆಸರಿಗೆ ಗೀಟು ಎಳೆಯಬಾರದಲ್ಲ.

ನೋಟೀಸು ಹಂಚಲು ಗುಡದಪ್ಪ ಹೊರಟ. ಒಬ್ಬೊಬ್ಬರ ಕೈಗೂ ಕೊಡು, ಸಂಘದ ಕಾಗದ ಒಂದೂ ಕಳೆಯಬಾರದು ಎಂದು ದಾವಲಸಾಬ ಹೇಳಿ ಕಳಿಸಿದ. ಗುಡದಪ್ಪ ಮನೆಮನೆಗೆ ಹೋದ. ಕೈಗೆ ಕೊಟ್ಟ, ಕೈಯಿಂದ ಇಸಿದುಕೊಂಡ. ಕೊಟ್ಟ, ಇಸಿದುಕೊಂಡ. ಸಂಜೆಗೆ ಅರವತ್ತೂ ಕಾಗದ ತಂದು ಅವ್ವನ ಮುಂದಿಟ್ಟ. ಒಂದೂ ಕಳೆದಿಲ್ಲ ಎಂದು ಎದೆ ಉಬ್ಬಿಸಿ ನಿಂತ.

ಫಕೀರವ್ವ ಹಣೆ ಚಚ್ಚಿಕೊಂಡಳು. “ಹುಚ್ಚ ನನ ಮಗನ, ಕೊಟ್ಟದ್ದನ್ನ ಯಾರರ ತಿರುಗಿ ತರತಾರೇನು? ಯಾರ ಕೈಯಾಗ ಕೊಡತಿಯೋ ಅವರ ಕಡೇನ ಬಿಟ್ಟು ಬಾ.”

“ಆಗಲಿ ಬೇ ಅವ್ವ,” ಎಂದ ಗುಡದಪ್ಪ.

ಮರುದಿನ ಅವಳೇ ಜೊತೆಗೆ ಹೋಗಿ ಅರವತ್ತು ಬಾಗಿಲು ಬಡಿದು ಬಂದಳು. ಅದರ ಮರುದಿನ ದಾವಲಸಾಬ ಬೈಲಾದ ಪುಸ್ತಕವನ್ನೇ ಗುಡದಪ್ಪನಿಗೆ ಕೊಟ್ಟ. ಇದ್ದದ್ದು ಅದೊಂದೇ ಪ್ರತಿ. ಅಧ್ಯಕ್ಷರ ಕೈಗೆ ಕೊಟ್ಟು ಸಹಿ ಹಾಕಿಸಬೇಕು, ಅಷ್ಟೆ. ಗುಡದಪ್ಪ ಹೋದ, ನಿಜಗುಣಪ್ಪನ ಕೈಗೆ ಕೊಟ್ಟ, ಬಿಟ್ಟು ಬಂದ.

ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು ನಿಜಗುಣಪ್ಪನಿಗೆ. ಪುಸ್ತಕವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ. ಪುಸ್ತಕ ಇಲ್ಲದೆ ಸಭೆ ಇಲ್ಲ ಎಂದು ಪೇಟೆಯೆಲ್ಲ ಸಾರಿದ.

ಫಕೀರವ್ವ ಮಗನಿಗೆ ಬೈದಳು, ಬೈದು ಸುಸ್ತಾದಳು, ನೀರು ಕುಡಿದು ಮತ್ತೆ ಬೈದಳು. “ನಮ್ಮದನ್ನ ಯಾರರ ಇಟಗೊಂಡರ ಹೊತಗೊಂಡು ಬರಬೇಕು. ಸಂಘದ ಬಾಗಲಾ ಮುಟ್ಟೂತನಕ ಕೆಳಗ ಇಳಸಬಾರದು. ತಿಳೀತಿಲ್ಲೊ?”

“ತಿಳೀತು ಬೇ ಅವ್ವ.”

ತಿಳಿಯಿತು, ಚೆನ್ನಾಗಿಯೇ ತಿಳಿಯಿತು. ಬೆಳಿಗ್ಗೆ ಪೇಟೆ ತುಂಬಿದ ಹೊತ್ತಿಗೆ ಗುಡದಪ್ಪ ಬೆನ್ನ ಮೇಲೆ ಕಬ್ಬಿಣದ ಟ್ರಂಕು ಹೊತ್ತು ಬಂದ. ಹಿಂದೆ ನಿಜಗುಣಪ್ಪ, ಅವನ ಹಿಂದೆ ಅವನ ಹೆಂಡತಿ. ಸಂಘದ ಬಾಗಿಲು ಮುಟ್ಟುವ ತನಕ ಗುಡದಪ್ಪ ಇಳಿಸಲಿಲ್ಲ. ನನ್ನ ಮದುವೆ ಸೀರೆ ಅದರಲ್ಲೇ ಇದೆ, ಮೊದಲು ಬೀಗ ತೆಗಿ ಎಂದು ಹೆಂಡತಿ ಹಟ ಹಿಡಿದಾಗ ನಿಜಗುಣಪ್ಪ ಎಲ್ಲರೆದುರಿಗೇ ಬೀಗ ತೆಗೆಯಬೇಕಾಯಿತು. ಸೀರೆ ಬಂತು, ಕೌದಿ ಬಂತು, ಉಪ್ಪಿನಕಾಯಿ ಭರಣಿ ಬಂತು, ಅಡಿಯಲ್ಲಿ ಬೈಲಾ ಬಂತು.

ಪುಸ್ತಕ ಸಿಕ್ಕಿತು ನಿಜ. ಆದರೆ ಪರರ ಹೆಂಡತಿಯ ಸೀರೆ ಬೀದಿಗೆ ಬಂತಲ್ಲ ಎಂದು ಫಕೀರವ್ವನಿಗೆ ನಾಚಿಕೆಯಾಯಿತು. “ಬೇಕಾದಷ್ಟ ತರಬೇಕೋ ಮಾರಾಯ. ಉಳಿದದ್ದನ್ನ ಇದ್ದಲ್ಲೇ ಬಿಡಬೇಕು.”

“ಆಗಲಿ ಬೇ ಅವ್ವ.”

ಸಭೆಯ ದಿನ ಬಂತು. ನಿಜಗುಣಪ್ಪ ತನ್ನ ಇಪ್ಪತ್ತು ಮಂದಿಯನ್ನು ಕಟ್ಟಿಕೊಂಡು ಕೋಣೆಯ ಹೊರಗಿನ ಕಟ್ಟೆಯ ಮೇಲೆ ಕೂತ. ಯಾರೂ ಒಳಗೆ ಕಾಲಿಡಬಾರದು ಎಂದು ಅಪ್ಪಣೆ ಮಾಡಿದ. ಆ ಇಪ್ಪತ್ತರಲ್ಲಿ ಮುದುಕ ಬರಮಪ್ಪನೂ ಒಬ್ಬ, ಕಿಟಕಿಗೆ ಒರಗಿ ಕೂತಿದ್ದ. ಘಾಟಿಗೆ ಉಸಿರು ಸಿಕ್ಕಿಕೊಂಡು ವಾಪಸು ಬಂದಿದ್ದಳಲ್ಲ, ಅವಳು ಅವನ ಹೆಂಡತಿ. ಆದರೂ ಅಧ್ಯಕ್ಷನ ಹೆದರಿಕೆ.

ಹೆಂಗಸರು ಬಾಗಿಲಾಚೆ ನಿಂತಿದ್ದರು. ಒಳಗೆ ಕೈ ಎದ್ದವು. ದಾವಲಸಾಬ ಎಣಿಸಿದ, ಮೂವತ್ತೊಂಬತ್ತು. ಮತ್ತೆ ಎಣಿಸಿದ, ಮೂವತ್ತೊಂಬತ್ತು. ಪೆನ್ನು ಕೆಳಗಿಟ್ಟು ಗುಡದಪ್ಪನಿಗೆ ಹೇಳಿದ, “ಇನ್ನೊಂದು ಕೈ ಬೇಕಿತ್ತಲ್ಲೋ ತಮ್ಮಾ.”

ಫಕೀರವ್ವನ ಮುಖ ಇಳಿಯಿತು. ಗುಡದಪ್ಪ ನೋಡಿದ. ಬೇಕಾದಷ್ಟೇ ತರಬೇಕು, ಉಳಿದದ್ದನ್ನು ಇದ್ದಲ್ಲೇ ಬಿಡಬೇಕು. ಎತ್ತಿದ ಬಲಗೈ ಇಳಿಸದೆ ಕಿಟಕಿಗೆ ಹೋದ. ಸರಳಿನ ಸಂದಿಯಿಂದ ಎಡಗೈ ಚಾಚಿ, ಬರಮಪ್ಪನ ಕೈ ಹಿಡಿದು ಮೊಣಕೈ ತನಕ ಒಳಗೆಳೆದು ಮೇಲೆತ್ತಿದ. ಉಳಿದ ಬರಮಪ್ಪನನ್ನು ಹೊರಗೇ ಬಿಟ್ಟ.

ಹೊರಗೆ ಗದ್ದಲವೆದ್ದಿತು. ದಾವಲಸಾಬ ಪುಸ್ತಕ ನೋಡಿದ, ಕಿಟಕಿ ನೋಡಿದ. ಒಳಗೆ ಎತ್ತಿದ ಕೈ ಎಂದಷ್ಟೇ ಇದೆ, ಉಳಿದ ಮೈಯ ಮಾತು ಎಲ್ಲೂ ಇಲ್ಲ. ಆದರೆ ಅವನು ನ್ಯಾಯದವನು. “ಗುಡದಪ್ಪ, ಅವನ ಕೈ ಬಿಡು. ಹಿಡಿದು ಎತ್ತಿಸಿದ್ದು ಲೆಕ್ಕಕ್ಕಿಲ್ಲ.”

ಗುಡದಪ್ಪ ಕೈ ಬಿಟ್ಟ. ಕೈ ಇಳಿಯಲಿಲ್ಲ.

“ಕೈ ಇಳಸೋ ಬರಮಪ್ಪ,” ಎಂದು ಹೊರಗಿಂದ ನಿಜಗುಣಪ್ಪ ಗದರಿದ.

“ನಾ ಹೊರಗ ಅದೀನ್ರಿ ಅಧ್ಯಕ್ಷರ,” ಎಂದ ಬರಮಪ್ಪ. “ಒಳಗ ಅದು ಏನ ಮಾಡಾಕತ್ತೈತೋ ನನಗ ಕಾಣವಲ್ದು.”

ದಾವಲಸಾಬ ನಲವತ್ತು ಎಂದು ಬರೆದ. ಫಕೀರವ್ವ ಬಾಗಿಲಲ್ಲೇ ಕುಸಿದು ಕೂತು ಅತ್ತಳು, ಸಂತೋಷಕ್ಕೆ.

ಅವತ್ತು ಅವಳು ಮಗನಿಗೆ ಬೈಯಲಿಲ್ಲ. ಗುಡದಪ್ಪ ಉಂಡ, ಕೈ ತೊಳೆದ, ಕಾದ. ಕೊನೆಗೆ ಅವನೇ ಕೇಳಿದ, “ಅವ್ವಾ, ಬೈದಬಿಡು. ಇಲ್ಲಾಂದ್ರ ನಾಳಿ ಏನ ಮಾಡಬೇಕೋ ನನಗ ತಿಳಿಯೂದಿಲ್ಲ.”

ಅವಳು ನಕ್ಕು ಅವನ ತಲೆ ಸವರಿದಳು. “ನಾಳಿ ನನ್ನ ಜೋಡಿ ಬಾ. ನಾ ಮಾಡಿದಂಗ ಮಾಡು.”

ಮರುದಿನ ಹೊಸ ಪುಸ್ತಕ ತೆರೆದರು. ‘ತುಂಬು ಬಿಡಿಸುವ ಹೆಣ್ಣಾಳುಗಳು’ ಎಂದು ತಲೆಬರಹ. ಮೊದಲ ಹೆಬ್ಬೆಟ್ಟು ಫಕೀರವ್ವನದು. ಅವಳು ಬೆರಳಿನ ಮಸಿ ಒರೆಸಿಕೊಂಡು ತಿರುಗುವಷ್ಟರಲ್ಲಿ ಎರಡನೆಯದು ಬಿದ್ದಾಗಿತ್ತು, ಗುಡದಪ್ಪನದು.

ಈಗಲೂ ಆ ಪುಸ್ತಕದಲ್ಲಿ ಹೆಂಗಸರ ಪಟ್ಟಿಯ ಎರಡನೇ ಹೆಸರು ಗುಡದಪ್ಪ. ಹೊಡೆದುಹಾಕಲು ನಲವತ್ತು ಕೈ ಬೇಕು. ಇವತ್ತಿನ ತನಕ ಒಂದೂ ಎದ್ದಿಲ್ಲ.