ಸಿರಿಯ ಕೈಗುರುತು

ಕಪಿಲಾ ನದಿಯ ದಡದಲ್ಲಿ ಒಂದು ಸಣ್ಣ ಆಶ್ರಮ. ಒಂದು ಮಧ್ಯಾಹ್ನ ಅಲ್ಲಿಗೆ ಪಶುಪತಿ ಬಂದ. ಊದಿನಕಡ್ಡಿ ಮಾಡುವವನು, ಅಲ್ಲಿನ ಗುರುಗಳ ಹಳೆಯ ಶಿಷ್ಯ. ಉಗುರಿನ ಸಂದಿಯಲ್ಲಿ ಸುಣ್ಣ ಮೆತ್ತಿಕೊಂಡಿತ್ತು.

"ಬುದ್ಧಿ, ನನ್ನ ಹೆಂಡತಿ ಮಂಗಳಾ ಊಟ ಬಿಟ್ಟಿದ್ದಾಳೆ," ಅಂದ. "ನನ್ನ ಹತ್ತಿರ ಮಾತೂ ಇಲ್ಲ."

"ಏನು ಮಾಡಿದೆಯಪ್ಪ?"

"ತಪ್ಪೇನೂ ಮಾಡಿಲ್ಲ. ಬರೆದುಕೊಟ್ಟ ಹಾಗೆ ನಡೆದುಕೊಂಡೆ."

ಸಂಕಟ ಇದ್ದದ್ದೇ ಅಲ್ಲಿ.

ಪಶುಪತಿಯ ಮಗಳು ಸಿರಿ ಪುಟ್ಟವಳಿದ್ದಾಗ ಕಡ್ಡಿಗೆ ಹಚ್ಚುವ ಕರಿಹಿಟ್ಟಿನಲ್ಲಿ ಕೈ ಅದ್ದಿ, ಅಡುಗೆಮನೆಯ ಗೋಡೆಗೆ ಒತ್ತಿದ್ದಳು. ಬೈಯಲು ಹೋದ ಅಪ್ಪನಿಗೆ ನಗು ಬಂತು. ಅದೇ ಕೈಯನ್ನು ಪೊಟ್ಟಣದ ಮೇಲೆ ಅಚ್ಚು ಹಾಕಿಸಿದ, ಟ್ರೇಡ್‌ಮಾರ್ಕ್ ಮಾಡಿಸಿದ. ಜನ "ಮಗುವಿನ ಕೈ ಕಡ್ಡಿ ಕೊಡಿ" ಅಂತಲೇ ಕೇಳುತ್ತಿದ್ದರು. ಆಮೇಲೆ ಸಿರಿ ಜ್ವರ ಬಂದು ತೀರಿಕೊಂಡಳು. ಕೈ ಮಾತ್ರ ಅಂಗಡಿ ಅಂಗಡಿಯಲ್ಲೂ ಉಳಿಯಿತು.

"ಯಾವ ಪೊಟ್ಟಣ ಮುಟ್ಟಿದರೂ ಅವಳ ಕೈ. ಕರುಳು ಕಿತ್ತು ಬರುತ್ತಿತ್ತು ಬುದ್ಧಿ. ಕುವೈತ್‌ನ ವ್ಯಾಪಾರಿಯೊಬ್ಬ ಕೇಳಿದ. ಗುರುತನ್ನು ಅವನ ಹೆಸರಿಗೆ ಬರೆದುಕೊಟ್ಟೆ."

"ಮಂಗಳಾ ಒಪ್ಪಿದಳೆ?"

"ಒಪ್ಪಿದಳು. ಪೊಟ್ಟಣದ್ದು ಹೋದರೆ ಹೋಗಲಿ ಅಂದಳು."

"ಮತ್ತೆ?"

"ಪತ್ರ ಆ ದೇಶದಲ್ಲಿ ನಡೆಯಬೇಕಲ್ಲ. ಸಹಿ ನನ್ನದೇ ಅಂತ ನೋಟರಿ ಮುದ್ರೆ ಹಾಕಿದರು. ನೋಟರಿ ನಿಜ ಅಂತ ಬೆಂಗಳೂರಲ್ಲಿ ಮುದ್ರೆ. ಬೆಂಗಳೂರಿನದು ನಿಜ ಅಂತ ದೆಹಲಿಯಲ್ಲಿ. ದೆಹಲಿಯದು ನಿಜ ಅಂತ ಅವರ ರಾಯಭಾರ ಕಚೇರಿಯಲ್ಲಿ. ಎಲ್ಲ ಮುಗಿದು ಪತ್ರ ಕೈಗೆ ಬಂದ ಮೇಲೆ ವಕೀಲರ ಹತ್ತಿರ ಓದಿಸಿದೆ. ಇನ್ನು ಈ ಗುರುತಿನ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಅಂತ ಬರೆದಿದೆ. ಅಷ್ಟು ಜನ ದೊಡ್ಡವರು ನಿಜ ಅಂದ ಮೇಲೆ ನಾನು ಸುಳ್ಳಾಗಬಾರದಲ್ಲ..."

ಗುರುಗಳು ಅವನ ಉಗುರು ನೋಡಿದರು.

"ಗೋಡೆಗೆ ಸುಣ್ಣ ಬಳಿದೆಯಾ?"

"ಬಳಿದೆ ಬುದ್ಧಿ."

ಅಯ್ಯೋ ಪುಣ್ಯಾತ್ಮ! ವ್ಯಾಪಾರಿ ಕೇಳಿದ್ದು ಕಡ್ಡಿ ಮಾರುವ ಗುರುತನ್ನು. ಅಡುಗೆಮನೆಯ ಗೋಡೆಯನ್ನು ಯಾರು ಕೇಳಿದ್ದರು?

ಗುರುಗಳು ಬೈಯಲಿಲ್ಲ. ಶಲ್ಯ ಹೆಗಲಿಗೆ ಹಾಕಿಕೊಂಡು ಎದ್ದರು. ಇಬ್ಬರೂ ಪಶುಪತಿಯ ಮನೆಗೆ ನಡೆದರು.

"ಕೆರೆದರೆ ಸುಣ್ಣ ಹೋಗುತ್ತದಾ ಬುದ್ಧಿ?" ದಾರಿಯಲ್ಲಿ ಪಶುಪತಿ ಕೇಳಿದ.

"ಹೋಗುತ್ತೆ. ಅದರ ಜೊತೆಗೆ ಕೈಯೂ ಹೋಗುತ್ತೆ."



ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಮಂಗಳಾ ಎದ್ದು ಕೈಮುಗಿದಳು. ಗೋಡೆ ಬೆಳ್ಳಗಿತ್ತು.

"ಎಲ್ಲಿತ್ತು ತಾಯಿ?" ಗುರುಗಳು ಕೇಳಿದರು.

ಅವಳು ಹುಡುಕಲಿಲ್ಲ. ನೆಲದ ಮೇಲೆ ಕುಳಿತು, ಮಗುವಿನ ಎತ್ತರಕ್ಕೆ ಗೋಡೆಯ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ. ಅಳು ಬಂತು, ಆಗಲೂ ತೆಗೆಯಲಿಲ್ಲ.

ಪಶುಪತಿ ಬಾಗಿಲಲ್ಲೇ ನಿಂತಿದ್ದ. "ನಾನು ಹೇಗೆ ಬರಲಿ ಬುದ್ಧಿ? ನನಗೆ ಹಕ್ಕಿಲ್ಲ, ಬರೆದುಕೊಟ್ಟುಬಿಟ್ಟಿದ್ದೇನೆ."

ಗುರುಗಳು ಅವನ ರಟ್ಟೆ ಹಿಡಿದು ಕರೆತಂದು, ಗೋಡೆಯ ಹತ್ತಿರ ಕೂರಿಸಿದರು.

"ನೀನೂ ಕೈಯಿಡಪ್ಪ. ಅವಳೊಬ್ಬಳೇ ಎಷ್ಟು ಹೊತ್ತು ಹಿಡಿದುಕೊಂಡಿರುತ್ತಾಳೆ?"